ದಿನಕ್ಕೊಂದು ಎಲೆ ಹೊಲಿದವನ ಮಾತು

ಹೊಲಿಗೆ ಸಂಘದ ಅಧ್ಯಕ್ಷೆ ತುಂಗಾನೆ ಅಮ್ಮನವರೇ, ಪೂಜ್ಯ ಪಾದ್ರಿಗಳೇ, ಬೆನ್ನುನೋವಿದ್ದರೂ ಮುಂದಿನ ಸಾಲನ್ನು ಯಾರಿಗೂ ಬಿಟ್ಟುಕೊಡದ ತಾಯಂದಿರೇ, ಸಭಿಕರೇ,

ನಮ್ಮ ಆತಿಯು ದ್ವೀಪದಲ್ಲಿ ಹೊಲಿಗೆಗಾಗಿ ಗಂಡಸೊಬ್ಬನಿಗೆ ಹೂಮಾಲೆ ಹಾಕಿದ್ದು ಇದೇ ಮೊದಲಂತೆ. ದಿನಾ ಕೂತು ಕೆಲಸ ಮಾಡಲು ಮನಸ್ಸನ್ನು ಹೇಗೆ ಹದ ಮಾಡಿಕೊಳ್ಳಬೇಕೆಂದು ಮಕ್ಕಳಿಗೆ ಹೇಳಿ ಎಂದರು ಅಧ್ಯಕ್ಷರು. ಮನಸ್ಸೇ? ನನ್ನ ಮನಸ್ಸು ಒಂದು ದಿನವೂ ಹದವಾಗಿರಲಿಲ್ಲ. ಚಹಾ ಕುಡಿದೆ, ಜಗಲಿಯಲ್ಲಿ ಕೂತೆ, ಸೂಜಿಗೆ ದಾರ ಪೋಣಿಸಿದೆ, ಒಂದು ಎಲೆ ಹೊಲಿದೆ, ಎದ್ದೆ. ಅಷ್ಟೇ.

ನಿಮಗೆಲ್ಲ ಗೊತ್ತು, ಮೊದಲು ಹೋಗಬೇಕಾಗಿದ್ದವನು ನಾನು. ಆಕ್ಲೆಂಡಿನ ಡಾಕ್ಟರು ಕೈಚೆಲ್ಲಿ ಕಳುಹಿಸಿದಾಗ ನನ್ನ ಹೆಂಡತಿ ಅಕಾಯಿತಿ ಅಳುತ್ತ ಕೂರಲಿಲ್ಲ. ಹಸಿರು ಬಟ್ಟೆ ಮಡಿಸಿ ದೀವಿಹಲಸಿನ ಎಲೆಗಳನ್ನು ಕತ್ತರಿಸಿದಳು, ಬಿಳಿ ಬಟ್ಟೆಯ ಮೇಲಿಟ್ಟು ಕಚ್ಚಾ ಹೊಲಿಗೆ ಹಾಕಿದಳು. ನನ್ನನ್ನು ಸುತ್ತಿ ಮಣ್ಣಿಗಿಡಲು ನನ್ನ ತಿವೈವೈ, ಎಲೆ ಹೊಲಿದ ಹೊದಿಕೆ! "ತೆಪ್ಪಗೆ ಮಲ್ಕೊಂಡು ಅಳತೆ ಕೊಡಿ. ಆಮೇಲೆ ಕಾಲು ಹೊರಗೆ ಬಂದ್ರೆ ನನ್ನ ಬೈಬೇಡಿ" ಎಂದಳು. ನಾನು ಚೇತರಿಸಿಕೊಂಡೆ. ಅವಳು ಒಂದು ಭಾನುವಾರ ಕೆಸುವಿನೆಲೆ ಬೇಯಿಸುತ್ತಿದ್ದವಳು ಹಾಗೇ ಕುಸಿದು ಹೋದಳು. ಅವಳ ತಾಯಿಯ ತಿವೈವೈಯಲ್ಲಿ ಅವಳನ್ನು ಸುತ್ತಿದೆವು. ನನ್ನ ಹೊದಿಕೆ ಅರ್ಧಕ್ಕೇ ಉಳಿಯಿತು.

ಉಳಿದರ್ಧ ನಾನು ಹೊಲಿದೆ. ಪಕ್ಕದ ಮನೆಯ ಮೊಯೆರೋವಾ ದಿನಾ ಬಂದು ನೋಡುತ್ತಿದ್ದಳು. ಕೋಳಿ ಕೆದಕಿದ ಹಾಗಿದೆ ಎಂದು ಬೈದು, ನೆಟ್ಟಗಾಗುವವರೆಗೆ ಬಿಚ್ಚಿಸುತ್ತಿದ್ದಳು. "ಬೇಗ ಮುಗಿಸಿದ್ರೆ ಬೇಗ ಹೋಗ್ಬೇಕಾಗ್ತದೆ ಮಾರಾಯ, ನಿಧಾನಕ್ಕೆ ಹೊಲಿ" ಎಂದು ನಗುತ್ತಿದ್ದಳು. ನನಗೆ ಹೋಗುವ ಭಯವಿರಲಿಲ್ಲ. ಒಂದು ಎಲೆ ಹೊಲಿದಾದ ಮೇಲೆ ಅದರ ಕಚ್ಚಾ ದಾರ ಎಳೆದು ತೆಗೆಯಬೇಕಲ್ಲ, ಅಕಾಯಿತಿ ಹಾಕಿದ ದಾರ, ಅದು ನನಗೆ ಸಂಕಟ. ದಿನಾ ಅವಳ ಕೈಯನ್ನು ನಾನೇ ಸ್ವಲ್ಪ ಸ್ವಲ್ಪ ಅಳಿಸುತ್ತಿದ್ದೆ. ಆದರೂ ಕೂರುತ್ತಿದ್ದೆ. ಆ ಹೊತ್ತಿನಲ್ಲಿ ಅವಳು ನನ್ನ ಎದುರಿಗೇ ಇರುತ್ತಿದ್ದಳು.

ಹೊದಿಕೆ ಮುಗಿಯಿತು. ಆಮೇಲೂ ದಿನಾ ಅದನ್ನು ತೊಡೆಯ ಮೇಲೆ ಹರಡಿಕೊಂಡು ಕೂರುತ್ತಿದ್ದೆ. ಇವತ್ತು ಅದನ್ನು ಈ ಗೋಡೆಯ ಮೇಲೆ ತೂಗುಹಾಕಬೇಕಿತ್ತು, ತಂದಿಲ್ಲ. ಹೋದ ತಿಂಗಳು ಮೊಯೆರೋವಾ ತೀರಿಕೊಂಡಳಲ್ಲ? ಬದುಕಿಡೀ ಹೊಲಿದದ್ದನ್ನೆಲ್ಲ ಊರಿನ ಮದುವೆಗಳಿಗೆ, ಹುಡುಗರ ಮುಡಿ ತೆಗೆಯುವ ದಿನಗಳಿಗೆ ಕೊಟ್ಟುಬಿಟ್ಟವಳು. ಅವಳ ಪೆಟ್ಟಿಗೆಯಲ್ಲಿ ಅವಳಿಗೇ ಒಂದೂ ಇರಲಿಲ್ಲ. ಮಗಳು ಅಂಗಡಿಯ ಕಂಬಳಿ ಹಿಡಿದುಕೊಂಡು ನಿಂತಿದ್ದಳು. ನಾನು ಮನೆಗೆ ಹೋಗಿ ನನ್ನದನ್ನು ತಂದು ಹೊದಿಸಿದೆ.

ದೊಡ್ಡ ಮನಸ್ಸು ಎಂದು ನೀವೆಲ್ಲ ಹೊಗಳಿದಿರಿ. ಮರುದಿನದ ಮಾತು ಕೇಳಿ. ಚಹಾ ಕುಡಿದು ಜಗಲಿಗೆ ಬಂದೆ. ತೊಡೆಯ ಮೇಲೆ ಬಟ್ಟೆಯಿಲ್ಲ, ಬೈಯುವವರಿಲ್ಲ. ಅಕಾಯಿತಿ ಬರಲಿಲ್ಲ. ನನ್ನ ಹೆಂಡತಿ ನಿಜವಾಗಿ ಸತ್ತದ್ದು ಆವತ್ತು.

ನನಗೆ ಹೊಲಿಯಲು ಬರುತ್ತದೆ, ಬಟ್ಟೆ ಮಡಿಸಿ ಎಲೆ-ಹೂ ಕತ್ತರಿಸಲು ಬರುವುದಿಲ್ಲ. ತಾಯಂದಿರೇ, ಈ ಸನ್ಮಾನಕ್ಕೆ ತಲೆಬಾಗುತ್ತೇನೆ, ಜೊತೆಗೆ ಒಂದು ಬೇಡಿಕೆ. ಯಾರಾದರೂ ನನಗೊಂದು ತಿವೈವೈ ಕತ್ತರಿಸಿ ಕೊಡಿ. ಯಾವ ಹೂವಾದರೂ ಸರಿ, ಯಾರಿಗಾದರೂ ಆಗಲಿ. ಇವತ್ತೇ ಕೊಡಿ. ನಾಳೆ ಬೆಳಗ್ಗೆ ನಾನು ಕೂರಬೇಕು.

ಇಷ್ಟು ಹೊತ್ತು ಈ ಮುದುಕನನ್ನು ಸಹಿಸಿಕೊಂಡ ನಿಮ್ಮೆಲ್ಲರ ಉಪಕಾರ ದೊಡ್ಡದು. ನಮಸ್ಕಾರ.