ಭಾಕರಿ ತಪ್ಪಿಸಿಕೊಂಡ ಶನಿವಾರ

...ಸಾವಕಾಶ ತೇಜಶ್ರೀ, ಬ್ಯಾಗ್ ಕೆಳಗಿಡು, ಸಪ್ಪಳ ಮಾಡಬ್ಯಾಡ. ನಿನ್ನ ಗಂಡ ಒಳಗಿನ ಖೋಲ್ಯಾಗ ಬಾಗಲಾ ಹಾಕ್ಕೊಂಡು ಮಲಗ್ಯಾನ. ನಿನ್ನೆ ಸಂಜಿಯಿಂದ ಹಂಗ. ಎಡಕ್ಕ ಝುಣಕಾ, ಬಲಕ್ಕ ಭಾಕರಿ, ನಡುವ ನನ್ನ ಮಗ. ನಾಯಿ ಯಾವದು, ಮನಶ್ಯಾ ಯಾಂವ ಗೊತ್ತಾಗೂದಿಲ್ಲ, ಮೂರೂ ಒಂದ ನಮೂನಿ ಉಸರ ಬಿಡ್ತಾವು. ನಗಬ್ಯಾಡ, ಅವಗ ಕೇಳಸತೈತಿ.

ಊಟಾ? ಕೊಟ್ಟೆ. ತಾಟು ಖಾಲಿ ಆಗಿ ಬಂತು. ಯಾರು ಉಂಡ್ರೋ ಶಿವನ ಬಲ್ಲ.

ಬುಟಿಬೋರಿಯಾಗ ನಿನ್ನ ತವರಿಗೂ ಸುದ್ದಿ ಮುಟ್ಟೈತೇನು? ಮುಟ್ಟದ ಏನ ಮಾಡತೈತಿ. ನಮ್ಮ ಮಹಾಲ್ ಓಣಿ ಕಬಡ್ಡಿ ಸಂಘ ಫೈನಲ್‌ನ್ಯಾಗ ಉಮರೇಡ್‌ಗೆ ಸೋತದ್ದು ನಿನ್ನ ಬಸ್ಸಿನ ಕಂಡಕ್ಟರಗೂ ಗೊತ್ತಿರಬೇಕು. ಸೋತದ್ದಕ್ಕಲ್ಲವ್ವಾ, ಸೋತ ರೀತಿಗೆ ಅವಗ ಸಂಕಟ. ಕಡೀ ರೇಡ್. ನಮ್ಮವರು ಒಂದ ಪಾಯಿಂಟ್ ಹಿಂದ. ಕ್ಯಾಪ್ಟನ್ ಅಂತ ನಮ್ಮ ಬಸವಪ್ರಸಾದನ ಹೋದ, ಇಬ್ಬರನ್ನ ಮುಟ್ಟಿದ, ಹೊಳ್ಳಿ ಬರಾಕತ್ತಾನ, ನಡುಗೆರಿ ಇನ್ನ ಗೇಣ ದೂರ. ಅಷ್ಟರಾಗ ನಮ್ಮ ಭಾಕರಿ ಮಂದಿ ಕಾಲಾಗ ನುಗ್ಗಿ ಬಂದು, ಮಾಲಕ ಕಂಡಾ ಅಂತ ಅವನ ಎದಿಗೆ ಜಿಗದ್ಲು. ಅವ ಬಿದ್ದ. ಅವನ ಮ್ಯಾಲ ಉಮರೇಡಿನ ಹುಡುಗರು. ಅವರ ಮ್ಯಾಲ ಭಾಕರಿ.

ಪಂಚರು ಮತ್ತೊಮ್ಮೆ ಆಡಸೋಣ ಅಂದ್ರು. ಉಮರೇಡಿನವರು 'ನಾಯಿ ಯಾರದು?' ಅಂತ ಕೇಳಿದ್ರು. ಇಂವ 'ನಂದ' ಅಂದ. ಸುಳ್ಳು ಹೇಳಾಕ ಬರೂದಿಲ್ಲ ಅವಗ, ಅವರಪ್ಪನ ಹಂಗ. 'ನಾಯಿ ನಿಮ್ಮದ, ಸೋಲೂ ನಿಮ್ಮದ' ಅಂದು ಕಪ್ ಎತಗೊಂಡು ಹೋದ್ರಂತ.

ನಾನೇ? ನಾ ಮನ್ಯಾಗ ಇದ್ದೆ. ಜ್ವಾಳಾ ಹಸನ ಮಾಡ್ಕೋತ ಕುಂತಿದ್ದೆ. ಅವನ ಹೇಳಿದ್ದನಲ್ಲ, 'ಅವ್ವಾ, ನೀ ಗ್ರೌಂಡಿಗೆ ಬರಬ್ಯಾಡ, ನಿನ್ನ ದನಿ ಕೇಳಿದ್ರ ನನ್ನ ಆಟ ಕೆಡತೈತಿ' ಅಂತ. ಬ್ಯಾಡಂದಲ್ಲಿ ಹೋಗಾಕಿ ಅಲ್ಲ ನಾ. ಮನಿ ಗೇಟಿನ ಚಿಲಕ ಹಾಕೂದು ತಾನ ಮರತೆ ಅಂತಾನ. ನಾ ಅಂದಿಲ್ಲ, ಅವನ ಅಂತಾನ. 'ಚಿಲಕ ಹಾಕಿದ್ರ ಮಹಾಲ್ ಮಾನ ಉಳೀತಿತ್ತು. ಇನ್ನ ನಾ ಕಬಡ್ಡಿ ಆಡೂದಿಲ್ಲ.' ನಾ 'ಹೋಗ್ಲಿ ಬಿಡಪಾ' ಅಂದೆ. ಮತ್ತೇನ ಅನ್ನಬೇಕು?

ಇಷ್ಟೆಲ್ಲಾ ನನಗ್ಯಾರ ಹೇಳಿದ್ರು ಅಂದ್ರ... ಬಾಜೂ ಮನಿ ವಾಸಂತಿಬಾಯಿ. ಎಲ್ಲಾ ಬರೋಬರ್ ಹೇಳಿದ್ಲು. ಭಾಕರಿ ಅವನ ಮಾರಿ ನೆಕ್ಕಿದ್ದು, ಅವ ಬಿದ್ದಲ್ಲೇ ಅದನ್ನ ತಬಗೊಂಡದ್ದು... ಏನು? ವಾಸಂತಿಬಾಯಿ ನಿನ್ನೆ ಊರಾಗ ಇರಲಿಲ್ಲಾ? ಈಗ ಊರಿಂದ ಬಂದು ಇಳದಾಕಿ ನಿನಗ ಬಸ್ ಸ್ಟ್ಯಾಂಡಿನ್ಯಾಗ ಸಿಕ್ಕಿದ್ಲಾ... ಹಂಗಾರ ಬ್ಯಾರೆ ಯಾರೋ ಹೇಳಿರಬೇಕು. ಮಂದಿ ನೂರ ಹೇಳ್ತಾರ.

ಚಾ ತಗೋ, ಆರತೈತಿ. ಅಂಗೈಗೆ? ಏನಿಲ್ಲ, ತವಾ ಹತ್ತಿ ಸುಟ್ಟೈತಿ. ಬಿಡು ಕೈ... ಹಂಗೇನ ನೋಡ್ತಿ? ತವಾ ಹಿಂಗ ಅಡ್ಡಗೆರಿ ಎಳದಂಗ ಸುಡತೈತೇನು ಅಂತಿ? ಅನ್ನಲಿಲ್ಲ ನೀ, ಖರೆ. ಏನರೆ ಅನ್ನವ್ವಾ. ಬೇಕಾದ್ರ ನಗು. ಹಿಂಗ ಸುಮ್ಮ ನೋಡಬ್ಯಾಡ.

...ನಾ ಗ್ರೌಂಡಿನ್ಯಾಗ ಮಂದಿ ಹಿಂದ ಇದ್ದೆ, ತೇಜಶ್ರೀ. ಚಾದ ಗಾಡಿ ಮರ್ಯಾಗ, ಸೆರಗು ಮಾರಿತನಕ ಹೊತಗೊಂಡು. ಯಾರರೆ ಕೇಳಿದ್ರ ನಾಯಿ ಅಡ್ಡಾಡಸಾಕ ಬಂದೀನಿ ಅನ್ನಾಕ ಆತು ಅಂತ ಭಾಕರಿನ್ನ ಕರಕೊಂಡು ಹೋಗಿದ್ದೆ. ಬಾಯಿ ಮಾತ್ರ ತಗೀಲಿಲ್ಲ, ನಿನ್ನ ಆಣಿ. ಇಬ್ಬರನ್ನ ಮುಟ್ಟಿ ಹೊಳ್ಳಿದ್ನಲ್ಲ, ಮಂದಿ ಎದ್ದು ನಿಂತ್ರು, ಗೆದ್ದಾ ಅಂತ ನಾ ಎರಡೂ ಕೈ ಎತ್ತಿ ಚಪ್ಪಾಳಿ ಹೊಡದೆ. ಕೈಯಾಗ ಭಾಕರಿ ಹಗ್ಗ ಐತಿ ಅನ್ನೂದ ಮರತೆ... ಮತ್ತ ಹಿಡಿಯಾಕ ಹೋದೆ. ಅಂಗೈ ಕೊರಕೊಂಡು ಹೋತು.

ಈಗ ಹೇಳಿ ಏನ ಉಪಯೋಗ? ಕಪ್ಪಂತೂ ಹೋತು. ನಾಕ ದಿನಾ ಬಿಟ್ರ ತಾನ ಮರೀತಾನ, ಹೌದಲ್ಲೊ? ಒಂದ ಸಲ ಹೌದನ್ನ ನೋಡೂಣು...

ಅನ್ನೂದಿಲ್ಲ ನೀ.

ಆತು. ಸರಿ ಆಚೆ, ಏಳ್ತೀನಿ. ಚಾ ಆರಿದ್ರ ಆರಲಿ.

ಬಸೂ... ಏ ಬಸೂ, ಬಾಗಲಾ ತಗಿಯಪಾ. ಗೇಟಿನ ಚಿಲಕ ನೀ ಬರೋಬರ್ ಹಾಕೇ ಹೋಗಿದ್ದಿ.