ಐದು ಕಟ್ಟಳೆ ಅಣ್ಣನಿಗೆ, ಐದು ತಮ್ಮನಿಗೆ

ಈ ಸಭೆಯ ಅಧ್ಯಕ್ಷಸ್ಥಾನವನ್ನು ಅಲಂಕರಿಸಿರುವ ಶ್ರೀಮಾನ್ ಅಮಲ್ದಾರರೇ, ಬೀಳ್ಕೊಡುಗೆ ಬೇಡವೆಂದು ಎಷ್ಟು ಹೇಳಿದರೂ ಕೇಳದ ಜನರ ನಡುವೆ ಹಾರದ ಭಾರಕ್ಕೆ ತಲೆ ಬಾಗಿಸಿ ಕುಳಿತಿರುವ ಪೂಜ್ಯ ಮಾರ್ಸೆಲ್ ಸ್ವಾಮಿಗಳೇ, ಈ ಪಾಳ್ಯದ ಹಿರಿಯರೇ, ತಾಯಂದಿರೇ, ಹಿಂದಿನ ಸಾಲಿನಲ್ಲಿ ಈಗಾಗಲೇ ಆಕಳಿಸುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳೇ, ಸಭಿಕರೇ,

ಮೊದಲು ಕ್ಷಮೆ ಕೇಳುತ್ತೇನೆ. ಸಭೆ ಮೂರು ಗಂಟೆಗೆಂದು ಆಹ್ವಾನಪತ್ರದಲ್ಲಿ ಅಚ್ಚಾಗಿತ್ತು. ನಾನು ಬಂದದ್ದು ನಾಲ್ಕಕ್ಕೆ. ಮೂವತ್ತೊಂದು ವರ್ಷ ಮಕ್ಕಳನ್ನು ತಡವಾಗಿ ಬಂದದ್ದಕ್ಕೆ ಬಾಗಿಲಲ್ಲಿ ನಿಲ್ಲಿಸಿದ ಶಂಭುಲಿಂಗಪ್ಪ ಮೇಷ್ಟರು ತಾವೇ ತಡವಾಗಿ ಬಂದರೆಂದು ಎಷ್ಟು ಮಂದಿಗೆ ಇಂದು ಸಂತೋಷವಾಗಿದೆ ಎಂಬುದನ್ನು ನಾನು ವೇದಿಕೆಯಿಂದಲೇ ಕಾಣುತ್ತಿದ್ದೇನೆ. ನಾನು ಈಗಿರುವ ನಂಜನಗೂಡಿನಿಂದ ಇಲ್ಲಿಗೆ ಬಿಳಿಗೆರೆಯ ಮೇಲೆ ನೆಟ್ಟನೆಯ ದಾರಿಯಿದೆ. ನಾನು ಸುತ್ತಿನ ದಾರಿಯಲ್ಲಿ ಬಂದೆ. ಗಾಡಿ ಹೊಡೆಯುವ ಚಿಕ್ಕಸ್ವಾಮಿ, "ಬಿಳಿಗೆರೆ ಮ್ಯಾಲೆ ಓದ್ರೆ ಒತ್ತಿಗ್ ಮುಂಚೆ ಸೇರ್ಕೋಬೌದಲ್ಲ ಸಾ, ಯಾಕ್ ಈ ಸುತ್ತು?" ಎಂದು ಕೇಳಿದ. ಅದಕ್ಕೆ ಕಾರಣವಿದೆ. ಆದರೆ ಅದು ಈ ಸಭೆಗೆ ಅಪ್ರಸ್ತುತ.

ಪ್ರಸ್ತುತವಾದದ್ದು ಯಾವುದು? ಸ್ವಾಮಿಗಳು ಈ ಪಾಳ್ಯಕ್ಕೆ ಮಾಡಿದ ಉಪಕಾರ. ಅದನ್ನು ಹೇಳಲು ನನ್ನನ್ನೇಕೆ ಕರೆದಿರಿ? ನಾನು ನಿಮ್ಮ ಕ್ರೈಸ್ತ ಮತದವನಲ್ಲ. ಎದೆಯ ಮೇಲೆ ಲಿಂಗ ಧರಿಸಿದವನು. ಆದರೂ ನಿಮ್ಮ ಜ್ಞಾನೋಪದೇಶದ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ತಪ್ಪಿಲ್ಲದೆ ಒಪ್ಪಿಸಬಲ್ಲವರು ಈ ಚಪ್ಪರದಲ್ಲಿ ಎಷ್ಟು ಮಂದಿ ಇದ್ದೀರಿ ಎಂದು ಕೈ ಎತ್ತಲು ಹೇಳಿದರೆ, ಎತ್ತುವ ಕೈಗಳಲ್ಲಿ ನನ್ನದೂ ಒಂದು. ಈ ವಿಚಿತ್ರಕ್ಕೆ ಹೊಣೆ ಸ್ವಾಮಿಗಳೇ.

ಅವರು ಬಂದಾಗ ಇಲ್ಲಿ ನಡೆಯುತ್ತಿದ್ದ ವ್ಯವಸ್ಥೆ ಹಿರಿಯರಿಗೆ ನೆನಪಿದೆ. ಮೊದಲ ಸತ್ಪ್ರಸಾದ ಪಡೆಯಬೇಕಾದ ಮಕ್ಕಳು ಗುಡಿಯ ಜಗುಲಿಯಲ್ಲಿ ಕುಳಿತು ಗಿಳಿಗಳಂತೆ ಒಪ್ಪಿಸುವುದು, ಉಪದೇಶಿಗಳು ಕೇಳುವುದು. ಆಗಿನ ಉಪದೇಶಿಗಳು ಬಹಳ ಒಳ್ಳೆಯವರು. ಅವರಿಗೆ ಪ್ರತಿಯೊಂದು ಮನೆಯೂ ಅತ್ತೆಯ ಕಡೆಯಿಂದಲೋ ಮಾವನ ಕಡೆಯಿಂದಲೋ ನೆಂಟರ ಮನೆ. ಆದ್ದರಿಂದ ಅವರ ಪರೀಕ್ಷೆಯಲ್ಲಿ ಯಾವ ಮಗುವೂ ಎಂದೂ ಸೋಲಲಿಲ್ಲ.

ಸ್ವಾಮಿಗಳು ಒಂದು ದಿನ ನನ್ನ ಶಾಲೆಗೇ ಬಂದರು. ಆಗ ಅವರ ಕನ್ನಡ ಹೇಗಿತ್ತು ಎಂಬುದನ್ನು ನಾನು ವರ್ಣಿಸುವುದಿಲ್ಲ. ಅವರು ಎದುರಿಗೇ ಇದ್ದಾರೆ. "ಮೇಷ್ಟರೇ, ನಿಮಗೆ ನಮ್ಮ ಪಾಳ್ಯದಲ್ಲಿ ನೆಂಟರು ಇಲ್ಲ. ಆದ್ದರಿಂದ ನೀವು ಬೇಕು" ಎಂದರು. ನಾನು ಶಿವಭಕ್ತನೆಂದು ಜ್ಞಾಪಿಸಿದೆ. "ಇರಲಿ. ಪುಸ್ತಕದಲ್ಲಿ ಇರುವುದು ಬಾಯಿಯಲ್ಲಿ ಇದೆಯೇ, ನೀವು ನೋಡಿ. ಒಳಗೆ ಇದೆಯೇ, ನಾನು ನೋಡುತ್ತೇನೆ" ಎಂದರು. ನನ್ನ ವೃತ್ತಿಯನ್ನು ಇಷ್ಟು ಸಂಕ್ಷೇಪವಾಗಿ ಯಾವ ಇನ್‌ಸ್ಪೆಕ್ಟರರೂ ವಿವರಿಸಿದ್ದಿಲ್ಲ.

ಅವರು ಮಾಡಿದ ನಿಯಮ ನಿಮಗೆಲ್ಲ ಗೊತ್ತು. ಮಗು ಒಂದೇ ನಿಲ್ಲಕೂಡದು. ಅಜ್ಜಿ, ತಂದೆ, ತಾಯಿ, ಮಗು, ಮನೆಗೆ ಮನೆಯೇ ಸಾಲಾಗಿ ನಿಲ್ಲಬೇಕು. ಯಾರು ಯಾವುದನ್ನು ಹೇಳಿದರೂ ಸರಿ, ಎಲ್ಲರೂ ಸೇರಿ ಪುಸ್ತಕವನ್ನು ಪೂರ್ತಿ ಮಾಡಬೇಕು. ಎಲ್ಲಿಯಾದರೂ ಕೊಂಡಿ ತಪ್ಪಿದರೆ ಮಗು ಮುಂದಿನ ವರ್ಷದವರೆಗೆ ಕಾಯಬೇಕು. "ಬೆಂಚಿನ ಮೇಲೆ ಕಲಿತದ್ದನ್ನು ಮಗು ಬೆಂಚಿನ ಮೇಲೆ ಬಿಟ್ಟು ಹೋಗುತ್ತದೆ. ಮನೆಯಲ್ಲಿ ಕಲಿತದ್ದನ್ನು ಎಲ್ಲಿ ಬಿಡುವುದು?" ಎಂದು ಅವರು ಕೇಳಿದರು. ನಮ್ಮ ತಂದೆಯವರೂ ಸಂಜೆಯ ಪೂಜೆಗೆ ಎರಡು ಮಣೆ ಹಾಕಿ, ಒಂದರ ಮೇಲೆ ನನ್ನನ್ನೂ ಇನ್ನೊಂದರ ಮೇಲೆ ನನ್ನ ತಮ್ಮನನ್ನೂ ಕೂರಿಸಿ, ಹೋಗಲಿ, ಅದು ಈಗ ಬೇಡ.

ನಿಯಮವನ್ನು ಸ್ವಾಮಿಗಳು ಮಾಡಿದರು. ಅದನ್ನು ಬೇಸಾಯಗಾರರು ಹೇಗೆ ಅರ್ಥಮಾಡಿಕೊಂಡರು? ಬೇಸಾಯಗಾರರು ಅರ್ಥಮಾಡಿಕೊಳ್ಳುವಂತೆಯೇ. ಕೆಲಸ ದೊಡ್ಡದು, ಮನೆಯಲ್ಲಿ ಆಳುಗಳಿದ್ದಾರೆ, ಹಂಚಿಕೊಳ್ಳಿ. ಪ್ರತಿಯೊಂದು ಮನೆಯಲ್ಲೂ ಯಜಮಾನನು ಜ್ಞಾನೋಪದೇಶವನ್ನು ಹೊಲದಂತೆ ಭಾಗ ಮಾಡಿದನು. ನಿನಗೆ ವಿಶ್ವಾಸಮಂತ್ರ, ನಿನಗೆ ಏಳು ಸಂಸ್ಕಾರ, ನಿನಗೆ ಈ ಐದು ಕಟ್ಟಳೆ, ನಿನಗೆ ಆ ಐದು ಕಟ್ಟಳೆ. ಒಬ್ಬನು ತನ್ನದನ್ನು ಹೇಳಿ ನಿಲ್ಲಿಸಿದರೆ ಮುಂದಿನವನು ಎತ್ತಿಕೊಳ್ಳುವನು. ಕೇಳಲು ಬಹಳ ಸೊಗಸು. ಮನೆ ಒಂದಾಗಿರುವವರೆಗೆ.

ಈಗ ಮುಂದಿನ ಸಾಲಿನಲ್ಲಿ ಕುಳಿತಿರುವ ಚೌರಪ್ಪನವರೂ ಇನ್ನಾಸಪ್ಪನವರೂ ಏಕೆ ತಲೆ ತಗ್ಗಿಸುತ್ತಿದ್ದಾರೆ ಎಂಬುದು ನಿಮಗೆ ತಿಳಿದಿದೆ. ಅವರ ಅನುಮತಿ ಪಡೆದೇ ಹೇಳುತ್ತಿದ್ದೇನೆ. ತಂದೆಯವರು ಇರುವಾಗ ಅಣ್ಣ ಚೌರಪ್ಪನಿಗೆ ಮೊದಲ ಐದು ಕಟ್ಟಳೆ, ತಮ್ಮ ಇನ್ನಾಸಪ್ಪನಿಗೆ ಕೊನೆಯ ಐದು. ತಂದೆಯವರು ತೀರಿಕೊಂಡ ಮೇಲೆ ಮನೆ ಪಾಲಾಯಿತು. ಎತ್ತು, ಪಾತ್ರೆ, ಹೊಲ ಎಲ್ಲವೂ ಹಂಚಿಕೆಯಾಗಿ ಒಂದೇ ಒಂದು ಜ್ಞಾನೋಪದೇಶದ ಪುಸ್ತಕ ಉಳಿಯಿತು. ಇಬ್ಬರೂ ಬಿಡಲೊಲ್ಲರು. ಪಂಚರು ಏನು ಮಾಡಿದರು? ಹೊಲಿಗೆಯನ್ನು ಬಿಚ್ಚಿ, ಐದನೆಯ ಕಟ್ಟಳೆಯ ಪುಟಕ್ಕೆ ಸರಿಯಾಗಿ ಪುಸ್ತಕವನ್ನು ಎರಡು ಮಾಡಿದರು. ನನ್ನ ಜೀವಮಾನದಲ್ಲಿ ಪುಸ್ತಕಕ್ಕೆ ಇಂಥ ನ್ಯಾಯ ದೊರೆತದ್ದನ್ನು ನಾನು ಕಂಡಿಲ್ಲ.

ಎರಡು ವರ್ಷ ಅಣ್ಣತಮ್ಮಂದಿರಿಗೆ ಮಾತಿಲ್ಲ. ಆ ಎರಡು ವರ್ಷಗಳಲ್ಲಿ ಅಣ್ಣನು ನಡುವಿನ ಬದುವನ್ನು ತಮ್ಮನ ಹೊಲದ ಕಡೆಗೆ ಎರಡು ಸಾಲಿನಷ್ಟು ಸರಿಸಿದನು. ಏಕೆ ಸರಿಸಬಾರದು? ಕದಿಯಬೇಡ ಎಂಬ ಕಟ್ಟಳೆ ಅವನ ಪಾಲಿಗೆ ಬಂದಿರಲಿಲ್ಲ. ತಮ್ಮನು ಅಣ್ಣನ ಮನೆಯಲ್ಲಿದ್ದ ತಾಯಿಯನ್ನು ಒಂದು ದಿನವೂ ಬಂದು ನೋಡಲಿಲ್ಲ. ಏಕೆ ನೋಡಬೇಕು? ತಂದೆ ತಾಯಿಗಳನ್ನು ಗೌರವಿಸು ಎಂಬುದು ಅಣ್ಣನ ಅರ್ಧದಲ್ಲಿತ್ತು. ಇಷ್ಟು ಪ್ರಾಮಾಣಿಕವಾಗಿ ಪಾಲುಪತ್ರವನ್ನು ನಡೆಸಿಕೊಂಡ ಸೋದರರು ಮಹಾರಾಜರ ಸೀಮೆಯಲ್ಲಿ ಬೇರೆ ಇರಲಾರರು.

ಸಾವಿರದ ಒಂಬೈನೂರ ನಾಲ್ಕನೆಯ ಇಸವಿ, ಯೇಸುವಿನ ಪುನರುತ್ಥಾನದ ಪಾಸ್ಕಹಬ್ಬಕ್ಕೆ ಒಂದು ತಿಂಗಳಿರುವಾಗ ಪರೀಕ್ಷೆ. ಅಣ್ಣನ ಮಗಳು ಲೂರ್ದಮ್ಮ, ತಮ್ಮನ ಮಗಳು ಜ್ಞಾನಮ್ಮ, ಇಬ್ಬರಿಗೂ ಅದೇ ವರ್ಷ ಮೊದಲ ಸತ್ಪ್ರಸಾದವಾಗಬೇಕು. ಇಬ್ಬರೂ ಒಂದೇ ದಿನ, ಒಟ್ಟಿಗೆ ಪೀಠದ ಮುಂದೆ ಮಂಡಿಯೂರುವುದನ್ನು ನೋಡಬೇಕೆಂಬುದು ಅವರ ಅಜ್ಜಿ ಆರೋಗ್ಯಮ್ಮನವರ ಆಸೆ. ಆಕೆಗೆ ಆಗಲೇ ಎಪ್ಪತ್ತು ದಾಟಿತ್ತು.

ಚೌರಪ್ಪನ ಮನೆ ಸಾಲಾಗಿ ನಿಂತಿತು. ಐದನೆಯ ಕಟ್ಟಳೆಯವರೆಗೆ ನಿರ್ದುಷ್ಟ. "ಮುಂದೆ" ಎಂದೆ. ಸಾಲಿನವರೆಲ್ಲ ಚೌರಪ್ಪನ ಮುಖ ನೋಡಿದರು. ಮತ್ತೆ "ಮುಂದೆ" ಎಂದೆ.

"ಮುಂದಿಂದು ನಮ್ದಲ್ಲ ಸಾ," ಎಂದ ಚೌರಪ್ಪ. "ಅದು ಪಾಲಲ್ಲಿ ತಮ್ಮನ್ ಕಡೀಕೆ ಓಯ್ತು."

ನಾನು ಅಜ್ಜಿಯ ಕಡೆ ತಿರುಗಿ, ತಮಗೇನಾದರೂ ಬರುತ್ತದೆಯೇ ಎಂದು ಕೇಳಿದೆ. ಆಕೆ ಸೆರಗು ಸರಿಪಡಿಸಿಕೊಂಡು, "ಓದ್ದೋಳಾ ಸಾ ನಾನು?" ಎಂದರು. ಅದು ಉತ್ತರವಲ್ಲ, ಪ್ರಶ್ನೆ. ನಾನು ಆಗಲೇ ಗಮನಿಸಬೇಕಾಗಿತ್ತು.

ಆಮೇಲೆ ಇನ್ನಾಸಪ್ಪನ ಮನೆ. "ಮೊದಲನೆಯ ಕಟ್ಟಳೆ?" ಎಂದೆ. "ಆರ್ನೇದ್ರಿಂದ ಕೇಳಿ ಸಾ. ಅದ್ಕಿಂತ ಮುಂಚಿಂದು ಅಣ್ಣನ ಅಟ್ಟೀದು," ಎಂದ. ಎರಡು ಮನೆಗಳೂ ಸೋತವೆಂದು ಬರೆದೆ. ಮಕ್ಕಳಿಬ್ಬರೂ ಅತ್ತರು. ಮೂರು ವಾರದ ನಂತರ ಮರುಪರೀಕ್ಷೆ ಎಂದು ಸ್ವಾಮಿಗಳು ಹೇಳಿದರು. ಅದರಲ್ಲೂ ಸೋತರೆ ಮುಂದಿನ ವರ್ಷ.

ಆ ಮೂರು ವಾರ ನನ್ನ ಮನೆಯ ಬಾಗಿಲು ಮುಚ್ಚಲಿಲ್ಲ. ಒಬ್ಬರು ಬೆಲ್ಲ ತಂದರು, ಒಬ್ಬರು ಅವರೆಕಾಯಿ ತಂದರು. ಎಲ್ಲರದೂ ಒಂದೇ ಪ್ರಾರ್ಥನೆ, ಸ್ವಲ್ಪ ದಯೆ ತೋರಿಸಿ. ನನ್ನ ಮನೆಯಾಕೆ ಮಂಗಳಗೌರಿ, "ಕಲ್ಲಲ್ಲಾದ್ರೂ ನೀರ್ ಬರ್ತದೆ, ನಿಮ್ಮಲ್ಲಿಲ್ಲ" ಎಂದಳು. ಕೊನೆಗೆ ಆರೋಗ್ಯಮ್ಮನವರೇ ಕೋಲೂರಿಕೊಂಡು ಶಾಲೆಯ ಜಗುಲಿಗೆ ಬಂದರು. ಇವರೂ ಅದನ್ನೇ ಕೇಳುತ್ತಾರೆಂದು ನಾನು ಉತ್ತರವನ್ನು ಸಿದ್ಧಮಾಡಿಕೊಂಡೆ.

"ಮೇಷ್ಟ್ರೇ, ಎಲ್ರೂ ನಿಮ್ನ ದಯೆ ತೋರ್ಸಿ ಅಂತಾವ್ರಂತೆ. ತೋರುಸ್ಬುಟ್ಟೀರಾ, ಜ್ವಾಕೆ," ಎಂದರು.

ನನಗೆ ಅರ್ಥವಾಗಲಿಲ್ಲ. ಆಕೆ ಕಂಬಕ್ಕೊರಗಿ ಕುಳಿತು ಹತ್ತು ಕಟ್ಟಳೆಗಳನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು. ಅಕ್ಷರ ಬಾರದ ಆಕೆ ನಲವತ್ತು ವರ್ಷ ಗಂಡನ ಬಾಯಿಂದ, ಮಕ್ಕಳ ಬಾಯಿಂದ ಕೇಳಿ ಕಲಿತದ್ದು. ಒಂದು ಪದವೂ ಆಚೀಚೆ ಇಲ್ಲ.

"ಗೊತ್ತಿದ್ದೂ ಏಕೆ ಸುಮ್ಮನಿದ್ದಿರಿ? ನಿಮ್ಮ ಮೊಮ್ಮಗಳು ಅಳುತ್ತಿದ್ದಳಲ್ಲ."

"ನಾನ್ ಏಳ್ಕೊಟ್ರೆ ಅವ್ನು ತಮ್ಮನ್ ಬಾಕ್ಲಿಗೆ ಯಾಕ್ ಓದಾನು? ನೀವು ಪಾಸ್ ಮಾಡುದ್ರೆ ಇವ್ನು ಅಣ್ಣನ್ ಬಾಕ್ಲಿಗೆ ಯಾಕ್ ಬಂದಾನು? ಅಳ್ಲಿ ಬುಡಿ. ಒಂದ್ ವರ್ಸ ತಡ ಆದ್ರೂ ಆಗ್ಲಿ."

"ಮುಂದಿನ ವರ್ಷ ನೀವು ನೋಡುವುದಕ್ಕೆ—" ಎಂದು ನಾನು ವಾಕ್ಯವನ್ನು ಪೂರ್ತಿ ಮಾಡಲಿಲ್ಲ. ಅಪೂರ್ಣ ವಾಕ್ಯ ನನ್ನ ಬಾಯಿಂದ ಬಂದದ್ದು ಅಪರೂಪ.

"ಇರ್ತೀನೋ ಇಲ್ವೋ. ಅದ್ಕೇ ಎದ್ರಿಕೆ ಮೇಷ್ಟ್ರೇ," ಎಂದರು. ಕೋಲೂರಿ ಏಳುತ್ತ, "ನಿಮ್ಗೂ ಒಡುಟ್ಟಿದೋರು ಅವ್ರಾ?" ಎಂದು ಕೇಳಿದರು.

ನಾನು ಏನೋ ಒಂದು ಉತ್ತರ ಹೇಳಿದೆ. ಅದು ಆಮೇಲೆ.

ಮರುಪರೀಕ್ಷೆಗೆ ನಾಲ್ಕು ದಿನವಿರುವಾಗ, ಬೆಳಿಗ್ಗೆ ನಾನು ಶಾಲೆಗೆ ಹೋಗುತ್ತಿದ್ದೆ. ಚೌರಪ್ಪನ ಪಕ್ಕದ ಹೊಲದ ಮಹದೇವ ಕೋಲು ಹಿಡಿದು ಓಡಿ ಬಂದ. "ಬನ್ನಿ ಸಾ, ಬಿರ್ನೆ ಬನ್ನಿ. ಅಣ್ಣತಮ್ಮ ಬದುವಿನ್ ಮ್ಯಾಲೆ ನಿಂತ್ಕಂಡು ಬೈದಾಡ್ತಾವ್ರೆ. ಸುಳ್ಳ, ಕಳ್ಳ ಅಂತಾವ್ರೆ." ನಾನು ಕೊಡೆಯನ್ನು ಮಡಚಿಕೊಂಡು ಓಡಿದೆ. ಆಗಲೇ ಇಪ್ಪತ್ತು ಜನ ಸೇರಿದ್ದರು.

ಬದುವಿನ ಆಚೆ ತಮ್ಮ, ಈಚೆ ಅಣ್ಣ. ಇಬ್ಬರ ಕೈಯಲ್ಲೂ ಅರ್ಧರ್ಧ ಪುಸ್ತಕ. ಒಬ್ಬರ ಹೊಲಕ್ಕೆ ಒಬ್ಬರು ಕಾಲಿಡುವುದಿಲ್ಲವೆಂಬ ಹಟ ಬಿಟ್ಟಿರಲಿಲ್ಲ. ಆದ್ದರಿಂದ ದೂರದಿಂದಲೇ ಪಾಠ. ಮಹದೇವ ಬೈಗುಳವೆಂದು ತಿಳಿದದ್ದು ಅದನ್ನೇ.

"ಕದೀಬ್ಯಾಡ," ಎಂದು ತಮ್ಮ ಕೂಗಿದ.

ಅಣ್ಣನು ಅದನ್ನು ತಿರುಗಿ ಹೇಳಬೇಕು. ಹೇಳಲಿಲ್ಲ. ಕಾಲ ಕೆಳಗಿನ ಬದುವನ್ನು ನೋಡಿದ. "ಇನ್ನೊಂದ್ ಸಲ ಕೂಗ್ಲಾ. ಕೇಳುಸ್ನಿಲ್ಲ," ಎಂದ.

"ಕೇಳುಸ್ತು ಕಣಣ್ಣ ನಿಂಗೆ," ಎಂದ ತಮ್ಮ.

ಜನ ನಕ್ಕರು. ಚೌರಪ್ಪನ ಮುಖ ಕೆಂಪಾಯಿತು. ಅವನೂ ಬಿಡಲಿಲ್ಲ, ತನ್ನ ಅರ್ಧವನ್ನು ತೆರೆದು, "ತಂದೆ ತಾಯಿಗಳ್ನ ಗೌರವ್ಸು. ಏಳು ನೋಡಾನ," ಎಂದ. ಈಗ ತಮ್ಮನ ಸರದಿ. ಎರಡು ವರ್ಷದಿಂದ ಆ ಮಾತನ್ನು ಬಾಯಿಯಲ್ಲಿ ಆಡದವನು ಎರಡು ಪದ ಹೇಳಿ ನಿಂತ. ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು, ಬದು ದಾಟಿ, ಅಣ್ಣನ ಪಕ್ಕದಲ್ಲೇ ಹಾದು, ಅವನ ಮನೆಯ ಕಡೆಗೆ ನಡೆದ. "ಎತ್ಲಾಗ್ಲಾ?" ಎಂದು ಅಣ್ಣ ಕೇಳಿದ. "ಅವ್ವನ್ ನೋಡಾಕೆ," ಎಂದ.

ಮರುಪರೀಕ್ಷೆಯ ದಿನ ಎಂಟು ಮಂದಿ ಒಂದೇ ಸಾಲಿನಲ್ಲಿ ನಿಂತರು. "ಒಂದು ಮನೆಯೋ ಎರಡು ಮನೆಯೋ? ಬರೆದುಕೊಳ್ಳಬೇಕು" ಎಂದೆ. "ಇವತ್ಗೆ ಒಂದೇ ಅಂತ ಬರ್ಕೊಳ್ಳಿ ಸಾ," ಎಂದ ಚೌರಪ್ಪ. ಪುಸ್ತಕವು ದಪ್ಪ ಗೋಣಿದಾರದಲ್ಲಿ ಹೊಲಿದು ಒಂದಾಗಿತ್ತು. ಹೊಲಿಗೆ ಚೆನ್ನಾಗಿರಲಿಲ್ಲ. ಪುಟಗಳು ಕ್ರಮವಾಗಿದ್ದವು. ಪಾಸ್ಕಹಬ್ಬದ ದಿನ ಲೂರ್ದಮ್ಮನೂ ಜ್ಞಾನಮ್ಮನೂ ಒಟ್ಟಿಗೆ ಮಂಡಿಯೂರಿದರು. ನಾನು ಗುಡಿಯ ಹೊರಗೆ ಬೇವಿನ ಮರದಡಿ ನಿಂತು ಕಿಟಕಿಯಿಂದ ನೋಡಿದೆ.

ಅವರು ಮತ್ತೆ ಒಂದೇ ಒಲೆಯಲ್ಲಿ ಬೇಯಿಸಿಕೊಂಡು ಉಂಡರೆಂದು ಹೇಳಿ ನಿಮ್ಮನ್ನು ಮೆಚ್ಚಿಸಲಾರೆ. ಒಲೆಗಳು ಇಂದಿಗೂ ಎರಡೇ. ಚೌರಪ್ಪನವರು ಬದುವನ್ನು ಹಿಂದಕ್ಕೆ ಸರಿಸಿದರು, ಆದರೆ ಒಂದು ಗೇಣು ಇನ್ನೂ ಬಾಕಿಯಿದೆ ಎಂದು ಇನ್ನಾಸಪ್ಪನವರು ಈಗ ತಾನೆ ನನ್ನ ಕಿವಿಯಲ್ಲಿ ಹೇಳಿದರು. ಆದರೆ ಎರಡು ಮನೆಗಳ ಪ್ರತಿಯೊಬ್ಬರಿಗೂ ಈಗ ಹತ್ತು ಕಟ್ಟಳೆಗಳೂ ಬರುತ್ತವೆ. ಪೂಜ್ಯ ಸ್ವಾಮಿಗಳೇ, ನೀವು ಬೇರೆ ಊರಿಗೆ ಹೊರಟಿದ್ದೀರಿ. ಇಲ್ಲಿ ಏನು ಬಿಟ್ಟು ಹೋಗುತ್ತೇನೆಂದು ಯೋಚಿಸುವುದಾದರೆ, ಇದನ್ನು ನೆನೆಯಿರಿ.

ನನ್ನ ಭಾಷಣ ಇಲ್ಲಿಗೆ ಮುಗಿಯಬೇಕಾಗಿತ್ತು. ಮನೆಯಲ್ಲಿ ಬರೆದು ತಂದದ್ದು ಇಷ್ಟೇ. ಆದರೆ ಒಂದು ತಿದ್ದುಪಡಿ ಉಳಿದಿದೆ, ಅದನ್ನು ಬಿಟ್ಟು ಕುಳಿತರೆ ಮೇಷ್ಟರೆನಿಸಿಕೊಳ್ಳಲು ನಾನು ಯೋಗ್ಯನಲ್ಲ.

ನನಗೆ ಒಬ್ಬ ತಮ್ಮನಿದ್ದಾನೆ. ಚನ್ನಬಸಪ್ಪನೆಂದು ಹೆಸರು. ಬಿಳಿಗೆರೆಯಲ್ಲಿದ್ದಾನೆ. ಅವನು ಓದಿದ್ದು ಕಡಿಮೆ. ನಮ್ಮ ತಾಯಿಯವರು ತೀರಿಕೊಂಡ ವರ್ಷ ಅವನು ನನಗೊಂದು ಕಾಗದ ಬರೆದ, ಅಣ್ಣ ಬಂದು ಹೋಗು ಎಂದು. ನಾನು ಅದರಲ್ಲಿದ್ದ ತಪ್ಪುಗಳನ್ನು ಕೆಂಪು ಮಸಿಯಲ್ಲಿ ತಿದ್ದಿ ಹಿಂದಕ್ಕೆ ಕಳಿಸಿದೆ. ಅವನು ಮತ್ತೆ ಬರೆಯಲಿಲ್ಲ. ಬರೆಯದೆ ಇದ್ದುದಕ್ಕೆ ಅವನ ಮೇಲೆಯೇ ನಾನು ಕೋಪಗೊಂಡೆ. ಹನ್ನೆರಡು ವರ್ಷವಾಯಿತು. ಅಂದಿನಿಂದ ಬಿಳಿಗೆರೆಯ ದಾರಿಯನ್ನು ಬಿಟ್ಟು ಸುತ್ತಿ ಬರುತ್ತೇನೆ.

ಆರೋಗ್ಯಮ್ಮನವರೇ, ನೀವು ಮುಂದೆಯೇ ಕುಳಿತಿದ್ದೀರಿ. ಕಿವಿ ಮಂದವೆಂದು ಕೇಳಿದೆ, ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಒಂಬತ್ತು ವರ್ಷಗಳ ಹಿಂದೆ ಶಾಲೆಯ ಜಗುಲಿಯಲ್ಲಿ ನನಗೂ ಒಡಹುಟ್ಟಿದವರಿದ್ದಾರೆಯೇ ಎಂದು ನೀವು ಕೇಳಿದಿರಿ. ನಾನು ಇಲ್ಲ ಎಂದೆ. ಉತ್ತರ ತಪ್ಪು. ನಿಮ್ಮ ಪುಸ್ತಕದ ಪ್ರಕಾರ ಅದು ಎಂಟನೆಯ ಕಟ್ಟಳೆ. ಇದ್ದಾನೆ ಎಂಬುದು ಸರಿಯುತ್ತರ. ನಾನು ಮರುಪರೀಕ್ಷೆಗೆ ಹೊರಟಿದ್ದೇನೆ. ನಾನು ನಿಮ್ಮ ಮನೆಗಳಿಗೆ ತೋರಿಸದ ದಯೆಯನ್ನು ಅವನು ನನಗೆ ತೋರಿಸುತ್ತಾನೋ ಇಲ್ಲವೋ ತಿಳಿಯದು. ತೋರಿಸದಿದ್ದರೂ ಅವನ ಜಗುಲಿಯಲ್ಲಿ ಕುಳಿತು ಬರುತ್ತೇನೆ.

ಆದ್ದರಿಂದ ಸ್ವಾಮಿಗಳ ಗೌರವಾರ್ಥವಾಗಿ ಏರ್ಪಡಿಸಿರುವ ಊಟಕ್ಕೆ ನಾನು ನಿಲ್ಲಲಾರೆ. ಪಾಯಸದ ವಾಸನೆ ಬರುತ್ತಿರುವಾಗ ಈ ಮಾತನ್ನು ಹೇಳುವುದು ಎಷ್ಟು ಕಷ್ಟವೆಂದು ನನ್ನನ್ನು ಬಲ್ಲವರು ಬಲ್ಲರು. ಚಿಕ್ಕಸ್ವಾಮಿ, ಎತ್ತು ಕಟ್ಟಪ್ಪ, ನೆಟ್ಟಗಿನ ದಾರಿಯಲ್ಲೇ ಹೋಗೋಣ.

ಅಧ್ಯಕ್ಷರಿಗೂ, ನೆಂಟನಲ್ಲದ ನನ್ನನ್ನು ನೆಂಟನಂತೆ ಕಂಡ ಸ್ವಾಮಿಗಳಿಗೂ, ಇಷ್ಟು ಹೊತ್ತು ಕೇಳಿದ ನಿಮಗೂ, ಕೇಳಿದಂತೆ ನಟಿಸಿದ ಹಿಂದಿನ ಸಾಲಿಗೂ ಕೃತಜ್ಞನಾಗಿದ್ದೇನೆ. ಎಲ್ಲರಿಗೂ ನಮಸ್ಕಾರ.