ಪೊಳ್ಳಿನಲ್ಲಿ ಕೂತ ನೀರು

ಕೊಲ್ಲಿ ದೇಶದ ಖುರುಮ್‌ನ ಬಸ್‌ಸ್ಟಾಪಿನಲ್ಲಿ ಮಗಳ ಮನೆಗೆ ಹೋಗುವ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಇಬ್ಬರು ನಮ್ಮ ಊರಿನ ಕಡೆಯವರು, ಯಾವುದೋ ಪ್ರಯೋಗಾಲಯದಲ್ಲಿ ಕೆಲಸ. ತೃಪ್ತಿ ಎಂಬವಳು ತಲೆ ತಗ್ಗಿಸಿದ್ದಳು.

“ಗ್ಲಾಡ್ವಿನ್, ಆ ಪ್ರೋಟೀನಿನ ಒಳಗೆ ಪರಮಾಣುಗಳು ಒತ್ತೊತ್ತಾಗಿ ಉಂಟು, ಎಲ್ಲೂ ಪೊಳ್ಳಿಲ್ಲ ಅಂತ ಲೆಕ್ಕ ಕೊಟ್ಟದ್ದು ನಾನಲ್ವಾ?”

“ಹೌದು. ಈಗ ಎಂತಾಯ್ತು ಮಾರಾಯ್ತಿ?”

“ಲೆಕ್ಕಕ್ಕೆ ಮೊದಲು ನೀರಿನ ಅಣುಗಳನ್ನು ತೆಗೀಬೇಕಿತ್ತು, ಮರೆತೆ. ಪೊಳ್ಳಿನಲ್ಲಿ ನೀರು ಕೂತಿತ್ತು. ಕಂಪ್ಯೂಟರ್ ಅದನ್ನೂ ಪ್ರೋಟೀನಿಗೇ ಸೇರಿಸಿದೆ.”

“ಅಯ್ಯೋ. ಒಳಗೆ ಪೊಳ್ಳುಂಟು ಅಂತ ನಮ್ಮ ಲ್ಯಾಬಿನ ಡೀನಾ ಆವತ್ತೇ ಹೇಳಿದ್ಲಲ್ಲ!”

“ನಾನೆಂತ ಹೇಳಿದೆ ಅವಳಿಗೆ, ನೆನಪುಂಟಾ?”

“‘ಪೊಳ್ಳಿರುವುದು ನಿನ್ನ ತಲೆಯಲ್ಲಿ’ ಅಂತ ನೀನು ಅಂದೆ. ಮೀಟಿಂಗಲ್ಲಿ ಎಲ್ಲರೂ ನಗಾಡಿದ್ರು. ನಾನೂ.”

“ಮೆಸೇಜ್ ಹಾಕಿ ಸಾರಿ ಹೇಳ್ಲಾ?”

“ಮೆಸೇಜಾ? ಆವತ್ತಿನಿಂದ ಅವಳು ಮೀಟಿಂಗಲ್ಲಿ ಬಾಯೇ ಬಿಡುವುದಿಲ್ಲ. ನೀನು ನೋಡ್ಲಿಲ್ವಾ?”

“ನೋಡಿದ್ದೇನೆ. ನಾನು ಗೆದ್ದೆ ಅಂತ ಖುಷಿಪಟ್ಟೆ.”

ಗ್ಲಾಡ್ವಿನ್ ಎದ್ದು ರಸ್ತೆಯ ಕಡೆ ನೋಡಿದ.

“ಯಲ್ಲಾ, ನಡಿ ನಡಿ, ಬಸ್ ಬಂತು.”

“ಇವತ್ತಿನ ಮೀಟಿಂಗಲ್ಲಿ ಎಲ್ಲರೆದುರೇ ಹೇಳ್ತೇನೆ. ನಗಾಡುವವರು ನಗಾಡ್ಲಿ. ನೀನು ಮಾತ್ರ ನಗಾಡಬೇಡ, ಆಯ್ತಾ?”

“ಇಲ್ಲ ಮಾರಾಯ್ತಿ, ಹತ್ತು.”

ಇಬ್ಬರೂ ಹತ್ತಿದರು, ಅವರ ಬಸ್ಸು ಹೋಯಿತು.